ಚಿಕ್ಕ ಕೈಯವರು ಮೊದಲ ಕ್ಯಾರಿ ಪಿಸ್ತೂಲು ಆರಿಸುವಾಗ

ನನ್ನ ಬಳೆ ಅಳತೆ 2.2. ಕೈ ಎಷ್ಟು ಚಿಕ್ಕದು ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಇಲ್ಲಿ ಅಮೆರಿಕದಲ್ಲಿ ಕ್ಯಾರಿ ಪಿಸ್ತೂಲು, ಅಂದರೆ ಬಟ್ಟೆಯೊಳಗೆ ಮೈಮೇಲೆ ಇಟ್ಟುಕೊಂಡು ಓಡಾಡುವ ಗನ್, ಕೊಳ್ಳಲು ಮೊದಲ ಸಲ ಗನ್ ಅಂಗಡಿಗೆ ಹೋದಾಗ ಕೌಂಟರಿನ ಹಿಂದಿದ್ದವನು ನನ್ನ ಕೈ ನೋಡಿದ, ಒಂದು ಮಾತೂ ಕೇಳಲಿಲ್ಲ, ಶೋಕೇಸಿನಲ್ಲಿದ್ದ ಎಲ್ಲಕ್ಕಿಂತ ಪುಟ್ಟ ಪಿಸ್ತೂಲು ತೆಗೆದು ಮುಂದಿಟ್ಟ. ಗುಲಾಬಿ ಬಣ್ಣದ್ದು ಬೇರೆ. ನಾನೂ ದಡ್ಡಿಯ ಹಾಗೆ ಕೊಂಡುಕೊಂಡು ಬಂದೆ. ರೇಂಜ್‌ಗೆ, ಅಂದರೆ ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗಕ್ಕೆ ಹೋಗಿ, ಎರಡು ಮ್ಯಾಗಝೀನ್ (ಗುಂಡು ತುಂಬಿ ಹಿಡಿಕೆಯೊಳಗೆ ಹಾಕುವ ಡಬ್ಬಿ) ಹಾರಿಸುವಷ್ಟರಲ್ಲಿ ಹೆಬ್ಬೆರಳಿನ ಬುಡ ಕೆಂಪಗಾಗಿತ್ತು, ಮೂರನೆಯದು ತುಂಬಿಸಲು ಮನಸ್ಸೇ ಬರಲಿಲ್ಲ.

ಚಿಕ್ಕ ಕೈಗೆ ಚಿಕ್ಕ ಗನ್ ಎನ್ನುವ ಲೆಕ್ಕ ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಗನ್ ಹಗುರವಾದಷ್ಟೂ ಅದೇ ಗುಂಡು ಹಾರಿಸಿದಾಗ ಕೈಗೆ ಜಾಸ್ತಿ ಒದೆಯುತ್ತದೆ. ಪುಟ್ಟ ಗನ್ನಿನ ಸ್ಲೈಡ್ (ಮೇಲ್ಗಡೆ ಹಿಂದೆ ಮುಂದೆ ಜಾರುವ ಲೋಹದ ಭಾಗ) ಕೂಡ ಪುಟ್ಟದು, ಹಿಡಿದು ಎಳೆಯಲು ಜಾಗ ಕಡಿಮೆ, ಒಳಗಿನ ಸ್ಪ್ರಿಂಗ್ ಬಿಗಿ. ರೂಗರ್ ಎಲ್‌ಸಿಪಿ ಅಂತ 2008ರಲ್ಲಿ ಬಂದ ಗನ್ ಇದೆ. ತೂಕ 10 ಔನ್ಸ್‌ಗಿಂತ ಕಡಿಮೆ, ಜೇಬಿನಲ್ಲಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಪಳಗಿದವರಿಗೆ ಅದು ಒಳ್ಳೆಯ ಗನ್. ಈಗ ತಾನೇ ಕಲಿಯುವವರಿಗೆ ಅದನ್ನು ಕೊಟ್ಟರೆ ಅವರು ಕಲಿಯುವುದು ಒಂದೇ, ಟ್ರಿಗರ್ ಒತ್ತುವ ಮುಂಚೆ ಕಣ್ಣು ಮುಚ್ಚಿಕೊಳ್ಳುವುದು.

ಗನ್ನಿನ ವಿಷಯಕ್ಕೆ ಹೋಗುವ ಮುಂಚೆ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಮಾತು ಒಂದಿದೆ. ನೀವು ಎಚ್-1ಬಿ, ಎಚ್-4, ಎಲ್-1, ಎಫ್-1 ಇಂಥ ವೀಸಾದ ಮೇಲೆ ಇಲ್ಲಿಗೆ ಬಂದವರಾದರೆ, ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಮ್ಮ ಹತ್ತಿರ ಗನ್ ಅಥವಾ ಗುಂಡು ಇರುವುದನ್ನೇ ನಿಷೇಧಿಸುತ್ತದೆ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ. ಆದರೆ ಅದನ್ನು ವಕೀಲರ ಹತ್ತಿರ ಕೂತು ಕೇಳಿ, ಸ್ನೇಹಿತರ ಮಾತು ನಂಬಬೇಡಿ. ರೇಂಜ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡು ಹಾರಿಸುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಸಿಕ್ಕಿಬಿದ್ದರೆ ಬರೀ ದಂಡ ಕಟ್ಟಿ ಬರುವ ವಿಷಯವಲ್ಲ, ಈ ದೇಶ ಬಿಡಬೇಕಾಗಬಹುದು. ಗ್ರೀನ್ ಕಾರ್ಡ್ ಇರುವವರು, ಸಿಟಿಜನ್ ಆದವರು ಕೊಳ್ಳಬಹುದು. ಅಂಗಡಿಯಲ್ಲಿ 4473 ಎನ್ನುವ ಫಾರಂ ತುಂಬಿಸುತ್ತಾರೆ, ಹಿನ್ನೆಲೆ ತಪಾಸಣೆ ಮಾಡುತ್ತಾರೆ.

ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವ ನಿಯಮ ರಾಜ್ಯಕ್ಕೊಂದು. ಅರ್ಧಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ಈಗ ಪರ್ಮಿಟ್ ಇಲ್ಲದೆಯೂ ಇಟ್ಟುಕೊಳ್ಳಬಹುದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಪರ್ಮಿಟ್ ಬೇಕೇ ಬೇಕು, ಬೇರೆ ರಾಜ್ಯದ ಪರ್ಮಿಟ್ ಅಲ್ಲಿ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ತಲೆನೋವು: ಅಂಗಡಿಯವರು ಮಾರಬಹುದಾದ ಹೊಸ ಪಿಸ್ತೂಲುಗಳದ್ದೇ ಒಂದು ಸರ್ಕಾರಿ ಪಟ್ಟಿ ಇದೆ. ಕೆಳಗೆ ಹೇಳುವ ಗನ್‌ಗಳಲ್ಲಿ ಯಾವುದನ್ನೇ ಮೆಚ್ಚಿಕೊಳ್ಳುವ ಮುಂಚೆ ಆ ಪಟ್ಟಿ ನೋಡಿ.

ಸರಿ, ಈಗ ಕೈಯ ವಿಷಯ. ಚಿಕ್ಕ ಕೈಯವರು ಅಳೆಯಬೇಕಾದದ್ದು ಗನ್ನಿನ ಉದ್ದವನ್ನಲ್ಲ. ಹಿಡಿಕೆಯ ಹಿಂಭಾಗದಿಂದ ಟ್ರಿಗರ್ ತನಕ ಎಷ್ಟು ದೂರ ಎನ್ನುವುದನ್ನು. ಅಂಗಡಿಯಲ್ಲಿ ಇದನ್ನು ನೋಡುವುದು ಹೀಗೆ. ಮೊದಲು ಅಂಗಡಿಯವರಿಗೆ ಸ್ಲೈಡ್ ತೆರೆದು, ಮ್ಯಾಗಝೀನ್ ಹೊರಗೆ ತೆಗೆದು, ಒಳಗೆ ಗುಂಡಿಲ್ಲ ಅಂತ ತೋರಿಸಲು ಹೇಳಿ. ನೀವೂ ಕಣ್ಣಿಟ್ಟು ನೋಡಿ, ಬೆರಳು ಹಾಕಿ ನೋಡಿ. ಆಮೇಲೂ ಮೂತಿ ಯಾರ ಕಡೆಗೂ ತಿರುಗಬಾರದು, ಖಾಲಿ ಅಂತ ಗೊತ್ತಿದ್ದರೂ. ಹೆಬ್ಬೆರಳು ತೋರುಬೆರಳಿನ ನಡುವಿನ ಕವಲನ್ನು ಹಿಡಿಕೆಯ ಹಿಂದೆ ಎಷ್ಟು ಮೇಲಕ್ಕೆ ಕೂರಿಸಲು ಆಗುತ್ತದೋ ಅಷ್ಟು ಮೇಲಕ್ಕೆ ಕೂರಿಸಿ. ಬ್ಯಾರಲ್ಲು ಮತ್ತು ನಿಮ್ಮ ಮುಂಗೈ ಒಂದೇ ಗೆರೆಯಲ್ಲಿ ಇರಬೇಕು. ಹಾಗೆ ಹಿಡಿದುಕೊಂಡೇ, ಅಂಗಡಿಯವರ ಒಪ್ಪಿಗೆ ಕೇಳಿ, ತೋರುಬೆರಳನ್ನು ಟ್ರಿಗರ್ ಮೇಲೆ ಇಡಿ. ಬೆರಳಿನ ತುದಿಯ ಮೆತ್ತನೆಯ ಭಾಗ ಟ್ರಿಗರ್ ಮಧ್ಯಕ್ಕೆ ಕೂತರೆ ಸರಿ. ಬರೀ ಉಗುರಿನ ತುದಿ ತಾಗುತ್ತಿದ್ದರೆ ಗನ್ ನಿಮಗೆ ದೊಡ್ಡದು.

ಇಲ್ಲಿ ಎಲ್ಲರೂ ಮಾಡುವ ಕಳ್ಳಾಟ ಒಂದಿದೆ, ನಾನೂ ಮಾಡಿದ್ದೇನೆ. ಬೆರಳು ನಿಲುಕದಿದ್ದಾಗ ನಮಗೇ ಗೊತ್ತಿಲ್ಲದ ಹಾಗೆ ಗನ್ನನ್ನು ಅಂಗೈಯೊಳಗೆ ಸ್ವಲ್ಪ ತಿರುಗಿಸಿಕೊಂಡು ಬಿಡುತ್ತೇವೆ. ಆಗ ಬೆರಳು ನಿಲುಕುತ್ತದೆ, ಆದರೆ ಹಿಡಿಕೆಯ ಹಿಂಭಾಗ ಹೆಬ್ಬೆರಳಿನ ಗೆಣ್ಣಿನ ಮೇಲೆ ಕೂರುತ್ತದೆ, ಒದೆತವೆಲ್ಲ ಆ ಮೂಳೆಗೇ ಬೀಳುತ್ತದೆ, ಗುಂಡು ಒಂದೇ ಪಕ್ಕಕ್ಕೆ ಹೋಗುತ್ತಿರುತ್ತದೆ, ಯಾಕೆ ಅಂತ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಜೊತೆಗೆ ಬಂದವರಿಗೆ ಮೇಲಿನಿಂದ ಒಂದು ಫೋಟೋ ತೆಗೆಯಲು ಹೇಳಿ. ಮುಂಗೈ ಗೆರೆ ಮುರಿದಿದ್ದರೆ ಫೋಟೋದಲ್ಲಿ ಎದ್ದು ಕಾಣುತ್ತದೆ.

ಇದರ ಉಲ್ಟಾ ತೊಂದರೆಯೂ ಇದೆ. ತೀರಾ ಪುಟ್ಟ ಗನ್ನಿನಲ್ಲಿ ಬೆರಳು ಟ್ರಿಗರ್ ದಾಟಿ ಆಚೆ ಹೋಗಿಬಿಡುತ್ತದೆ, ಕಿರುಬೆರಳಿಗೆ ಕೆಳಗೆ ಜಾಗವೇ ಇರುವುದಿಲ್ಲ, ಗಾಳಿಯಲ್ಲಿ ತೂಗಾಡುತ್ತದೆ. ಕಿರುಬೆರಳೇ ತಾನೇ ಅಂದುಕೊಳ್ಳಬೇಡಿ. ಹಿಡಿತದಲ್ಲಿ ಅದರ ಪಾಲು ದೊಡ್ಡದು. ಚಿಕ್ಕ ಕೈಯವರಿಗೆ ಇಲ್ಲೊಂದು ಲಾಭ ಇದೆ ನೋಡಿ: ದೊಡ್ಡ ಕೈಯವರ ಕಿರುಬೆರಳು ಹೊರಗೆ ಉಳಿಯುವ ಗನ್ನಿನಲ್ಲಿ ನಮ್ಮದು ಪೂರ್ತಿ ಕೂರುತ್ತದೆ. ಕೂರದಿದ್ದರೂ ಉದ್ದನೆಯ ತಳ ಇರುವ ಮ್ಯಾಗಝೀನ್ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಸ್ಲೈಡ್ ಎಳೆಯುವುದು ಎರಡನೆಯ ಪರೀಕ್ಷೆ. ಇದರಲ್ಲಿ ಸೋತವರು ಹೆಚ್ಚು ಜನ ಸೋತದ್ದು ಬಲ ಸಾಲದೆ ಅಲ್ಲ, ರೀತಿ ಗೊತ್ತಿಲ್ಲದೆ. ಗನ್ನನ್ನು ದೂರ ಚಾಚಿಕೊಂಡು ಎರಡು ಬೆರಳಿನಲ್ಲಿ ಚಿವುಟಿ ಎಳೆದರೆ ಯಾರಿಗೂ ಆಗುವುದಿಲ್ಲ. ಎದೆಯ ಹತ್ತಿರ ತನ್ನಿ. ಇನ್ನೊಂದು ಕೈಯ ನಾಲ್ಕೂ ಬೆರಳು ಮತ್ತು ಅಂಗೈ ಬುಡದ ನಡುವೆ ಸ್ಲೈಡಿನ ಹಿಂಭಾಗವನ್ನು ಮೇಲಿನಿಂದ ಗಟ್ಟಿಯಾಗಿ ಹಿಡಿಯಿರಿ. ಸ್ಲೈಡನ್ನು ಎಳೆಯಬೇಡಿ, ಅದನ್ನು ಹಿಡಿದಲ್ಲೇ ಹಿಡಿದುಕೊಂಡು ಕೆಳಗಿನ ಗನ್ನನ್ನು ಬಲಗೈಯಿಂದ ಮುಂದಕ್ಕೆ ತಳ್ಳಿ. ತಳ್ಳುವುದಕ್ಕೆ ಭುಜದ ಬಲ ಸಿಗುತ್ತದೆ. ಹೀಗೆ ಮಾಡುವಾಗ ಗನ್ ಅಡ್ಡ ತಿರುಗಿ ಮೂತಿ ಪಕ್ಕದಲ್ಲಿ ನಿಂತವರ ಕಡೆಗೆ ಹೋಗುವುದು ಬಹಳ ಸಾಮಾನ್ಯ, ಅದಕ್ಕೆ ಗನ್ ತಿರುಗಿಸುವ ಬದಲು ನೀವೇ ಪಕ್ಕಕ್ಕೆ ತಿರುಗಿ ನಿಂತುಕೊಳ್ಳಿ. ಒಂದು ಸಲ ಎಳೆದು ಬಂತು ಅಂತ ಖುಷಿಪಡಬೇಡಿ, ಹತ್ತು ಸಲ ಎಳೆಯಿರಿ. ಸ್ಲೈಡನ್ನು ಹಿಂದಕ್ಕೆ ಎಳೆದು ಅಲ್ಲೇ ಸಿಕ್ಕಿಸಲು ಬರುತ್ತದಾ ನೋಡಿ. ಹಾಗೆ ಸಿಕ್ಕಿಸಲು ಪಕ್ಕದಲ್ಲಿರುವ ಒತ್ತುಗುಂಡಿ ಹೆಬ್ಬೆರಳಿಗೆ ನಿಲುಕುವುದೇ ಇಲ್ಲ ಎಷ್ಟೋ ಗನ್ನಿನಲ್ಲಿ. ಮ್ಯಾಗಝೀನ್ ಬಿಡಿಸುವ ಗುಂಡಿಯನ್ನೂ ಒತ್ತಿ ನೋಡಿ. ಎಡಗೈಯವರಾದರೆ ಅದನ್ನು ಆಚೆ ಬದಿಗೆ ಹಾಕಲು ಆಗುತ್ತದಾ ಕೇಳಿ.

ಗುಂಡು ಯಾವುದು? 9 ಎಂಎಂ ಮತ್ತು .380 ಎರಡೂ ಗುಂಡಿನ ಅಳತೆಗಳು. 9 ಎಂಎಂ ಹಾರಿಸಲು ಆದರೆ 9 ಎಂಎಂ. ಅಗ್ಗ, ಎಲ್ಲೆಲ್ಲೂ ಸಿಗುತ್ತದೆ. ಕೈಯಲ್ಲಿ ಬಲ ಕಡಿಮೆ, ಸಂಧಿವಾತ ಇದೆ ಅಂದರೆ .380. ಒದೆತ ಕಡಿಮೆ, ಸ್ಲೈಡ್ ಹಗುರ, ಆದರೆ ಗುಂಡಿನ ಬೆಲೆ ಜಾಸ್ತಿ. ಒಂದೇ ಷರತ್ತು, .380 ಕೊಂಡರೆ ಪುಟ್ಟ ಗನ್ನಿನಲ್ಲಿ ಕೊಳ್ಳಬೇಡಿ, ಸ್ವಲ್ಪ ಮೈ ಇರುವ ಗನ್ನಿನಲ್ಲಿ ಕೊಳ್ಳಿ. ಇಲ್ಲದಿದ್ದರೆ ಅದರ ಲಾಭವೇ ಹೋಯಿತು.

ರಿವಾಲ್ವರ್ ಬಗ್ಗೆ ಒಂದು ಮಾತು, ಯಾಕೆಂದರೆ ಹೆಂಗಸರಿಗೆ ರಿವಾಲ್ವರ್ ಕೊಡಿ ಎನ್ನುವ ಉಪದೇಶ ಇನ್ನೂ ನಡೆಯುತ್ತಲೇ ಇದೆ. ಎಳೆಯಲು ಸ್ಲೈಡ್ ಇಲ್ಲ ನಿಜ. ಆದರೆ ಸ್ಮಿತ್ ಅಂಡ್ ವೆಸನ್ 642ರಂಥ ಪುಟ್ಟ ಐದು ಗುಂಡಿನ ರಿವಾಲ್ವರ್‌ನ ಟ್ರಿಗರ್ ಒತ್ತಲು ಸುಮಾರು 12 ಪೌಂಡ್ ಬಲ ಬೇಕು, ಗ್ಲಾಕ್ ಕಂಪನಿಯ ಪಿಸ್ತೂಲಿಗೆ ಬೇಕಾದದ್ದರ ಎರಡರಷ್ಟು. ಗನ್ನಿನ ತೂಕ ಒಂದು ಪೌಂಡ್ ಕೂಡ ಇಲ್ಲ. ಒಂದು ಪೌಂಡಿನ ವಸ್ತುವಿನ ಮೇಲೆ ಹನ್ನೆರಡು ಪೌಂಡ್ ಒತ್ತಿದರೆ ಗುರಿ ಎಲ್ಲಿ ನಿಲ್ಲುತ್ತದೆ ಹೇಳಿ. ಒದೆತವೂ ಕೆಟ್ಟದು. ಸ್ಲೈಡ್ ಖಂಡಿತಾ ಆಗುವುದೇ ಇಲ್ಲ ಎನ್ನುವವರು ಬೇಕಾದರೆ ನೋಡಲಿ.

ಹೆಸರು ಹೇಳಿ ಅಂತೀರಿ, ಗೊತ್ತು. ಸ್ಮಿತ್ ಅಂಡ್ ವೆಸನ್ ಶೀಲ್ಡ್ ಇಝಡ್: .380ಯಲ್ಲಿ 2018ರಲ್ಲಿ, 9 ಎಂಎಂನಲ್ಲಿ 2020ರಲ್ಲಿ ಬಂತು. ಸ್ಲೈಡ್ ಬೆಣ್ಣೆ ಹಾಗೆ ಬರುತ್ತದೆ, ಮ್ಯಾಗಝೀನಿಗೆ ಪಕ್ಕದಲ್ಲಿ ಒತ್ತುಗುಂಡಿ ಇರುವುದರಿಂದ ಉಗುರು ಮುರಿಯದೆ ಗುಂಡು ತುಂಬಬಹುದು. ಹಿಡಿಕೆಯ ಹಿಂದೆ ಒಂದು ಸೇಫ್ಟಿ ಇದೆ, ಹಿಡಿತ ಸಡಿಲವಾದರೆ ಗುಂಡು ಹಾರುವುದಿಲ್ಲ, ಹಾಗಾಗಿ ಅಂಗೈ ಅದರ ಮೇಲೆ ಸರಿಯಾಗಿ ಕೂರುತ್ತದಾ ನೋಡಿಕೊಳ್ಳಿ. ಹಳೆಯದು ಕೊಳ್ಳುವುದಾದರೆ ಇನ್ನೊಂದು ವಿಷಯ, 2020ರ ಮಾರ್ಚ್‌ನಿಂದ ಅಕ್ಟೋಬರ್ ತನಕ ತಯಾರಾದ 9 ಎಂಎಂ ಇಝಡ್‌ಗಳಲ್ಲಿ ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಒಳಭಾಗ) ದೋಷಕ್ಕೆ ಕಂಪನಿಯೇ ರೀಕಾಲ್ ಮಾಡಿತ್ತು, ಅಂದರೆ ವಾಪಸ್ ಕರೆಸಿತ್ತು, ಸೀರಿಯಲ್ ನಂಬರ್ ತಾಳೆ ನೋಡಿ. ಸಿಗ್ ಪಿ365: ಇದೂ 2018ರದ್ದು, 18 ಔನ್ಸ್‌ನ ಒಳಗೆ ಹತ್ತು ಗುಂಡಿನ ಮ್ಯಾಗಝೀನ್ ಹಿಡಿಸಿದ ಗನ್. ಹಿಡಿಕೆ ತೆಳ್ಳಗಿದೆ, ಟ್ರಿಗರ್ ಹತ್ತಿರವಿದೆ, ನನ್ನ ಬೆರಳು ಸರಿಯಾಗಿ ಕೂತ ಮೊದಲ ಗನ್ ಇದೇ. ಸ್ಲೈಡ್ ಇಝಡ್‌ನಷ್ಟು ಸಲೀಸಲ್ಲ. ಗ್ಲಾಕ್ 43ಎಕ್ಸ್ ಕೂಡ ತೆಳುವಾದ ಹಿಡಿಕೆಯದ್ದು. ಗ್ಲಾಕ್ 19 ಎಲ್ಲರೂ ಹೇಳುತ್ತಾರೆ, ಒಳ್ಳೆಯ ಗನ್ನೇ, ಆದರೆ ನನ್ನಂಥ ಕೈಗೆ ಅದು ಇಟ್ಟಿಗೆ. ವಾಲ್ಥರ್ ಪಿಡಿಪಿಯ ಎಫ್ ಸರಣಿ 2022ರಲ್ಲಿ ಬಂತು, ಹೆಂಗಸರ ಕೈಗೆ ಅಂತಲೇ ಟ್ರಿಗರ್ ಹತ್ತಿರಕ್ಕೆ ತಂದು ಸ್ಲೈಡ್ ಹಗುರ ಮಾಡಿದ್ದಾರೆ. ಬರೀ ಬಣ್ಣ ಬಳಿದು ಮಾರಲಿಲ್ಲ ಅನ್ನುವುದು ನನಗೆ ಇಷ್ಟವಾಯಿತು. ಸ್ವಲ್ಪ ದಪ್ಪ, ಅಡಗಿಸುವುದು ಪಿ365ಗಿಂತ ಕಷ್ಟ.

ಇವನ್ನೆಲ್ಲ ಕೊಳ್ಳುವ ಮುಂಚೆ ಬಾಡಿಗೆಗೆ ಕೊಡುವ ರೇಂಜ್‌ಗೆ ಹೋಗಿ ಹಾರಿಸಿ. ಒಂದೇ ದಿನ ಎರಡು ಅಥವಾ ಮೂರು ಗನ್, ಒಂದೊಂದರಲ್ಲೂ 50 ಗುಂಡು. ಮೊದಲ ಐದು ಗುಂಡಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಮೂವತ್ತರ ಹೊತ್ತಿಗೆ ಕೈ ನಿಜ ಹೇಳುತ್ತದೆ. ಗುಂಡು ಸಿಕ್ಕಿಹಾಕಿಕೊಳ್ಳುತ್ತಿದ್ದರೆ ತಕ್ಷಣ ಗನ್ನನ್ನು ಬೈಯಬೇಡಿ. ಹಗುರದ ಪಿಸ್ತೂಲಿನಲ್ಲಿ ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗದೆ ಹಾಗಾಗುತ್ತದೆ. ಅಲ್ಲಿರುವ ತರಬೇತುದಾರರನ್ನು ಕರೆದು ಅದೇ ಗನ್ ಹಾರಿಸಲು ಹೇಳಿ, ಗೊತ್ತಾಗುತ್ತದೆ.

ಬಟ್ಟೆ ಒಳಗೆ ಎದ್ದು ಕಾಣುವುದು ಬ್ಯಾರಲ್ ಅಲ್ಲ, ಹಿಡಿಕೆ. ಅದಕ್ಕೇ ಬ್ಯಾರಲ್ ಅರ್ಧ ಇಂಚು ಉದ್ದ ಇದ್ದರೆ ಚಿಂತೆ ಬೇಡ, ಹಿಡಿಕೆ ಗಿಡ್ಡ ಇದ್ದರೆ ಒಳ್ಳೆಯದು. ನಮಗೆ ಉದ್ದದ ಹಿಡಿಕೆ ಹೇಗೂ ಬೇಕಿಲ್ಲ. ಹೋಲ್‌ಸ್ಟರ್ (ಗನ್ ಇಟ್ಟುಕೊಳ್ಳುವ ಒರೆ) ಗಟ್ಟಿ ಪ್ಲಾಸ್ಟಿಕ್ಕಿನದ್ದು, ಟ್ರಿಗರ್ ಸುತ್ತಲಿನ ಭಾಗ ಪೂರ್ತಿ ಮುಚ್ಚುವಂಥದ್ದು, ನಿಮ್ಮ ಮಾಡೆಲಿಗೇ ಮಾಡಿದ್ದು ತೆಗೆದುಕೊಳ್ಳಿ. ಯಾವ ಗನ್ನಿಗೂ ಆಗುತ್ತದೆ ಎನ್ನುವ ಬಟ್ಟೆ ಹೋಲ್‌ಸ್ಟರ್ ಯಾವ ಗನ್ನಿಗೂ ಸರಿಯಾಗುವುದಿಲ್ಲ. ಜೊತೆಗೆ ಗಟ್ಟಿ ಬೆಲ್ಟು. ಲೆಗ್ಗಿಂಗ್ಸ್ ಮೇಲೆ ಹಾಕುವುದಾದರೆ ಸೊಂಟಕ್ಕೆ ಸುತ್ತುವ ಬೆಲ್ಟ್ ವ್ಯವಸ್ಥೆ ಬೇಕು, ಬರೀ ಎಲಾಸ್ಟಿಕ್ಕಿಗೆ ಸಿಕ್ಕಿಸಿದರೆ ಜಾರುತ್ತದೆ. ಪರ್ಸ್‌ನಲ್ಲಿ ಮಾತ್ರ ಇಡಬೇಡಿ. ಪರ್ಸನ್ನು ನಾವು ಎಲ್ಲೆಂದರಲ್ಲಿ ಇಟ್ಟು ಮರೆಯುತ್ತೇವೆ, ಮಕ್ಕಳು ಚಾಕೊಲೇಟ್ ಹುಡುಕಿ ಅದಕ್ಕೇ ಕೈ ಹಾಕುತ್ತಾರೆ, ಈ ದೇಶದಲ್ಲಿ ಹಾಗೆ ಜೀವ ಹೋದ ಘಟನೆಗಳಿವೆ. ಮನೆಗೆ ಬಂದ ಮೇಲೆ ಗನ್ ಇರಬೇಕಾದದ್ದು ಒಂದೋ ನಿಮ್ಮ ಮೈಮೇಲೆ, ಇಲ್ಲವೇ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ದುಡ್ಡನ್ನು ಗನ್ನಿನ ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ. ಗನ್ನಿಗೆ 400ರಿಂದ 650 ಡಾಲರ್ ಆಗುತ್ತದೆ ಅಂದುಕೊಂಡರೆ ಹೋಲ್‌ಸ್ಟರ್, ಬೆಲ್ಟ್, ಪೆಟ್ಟಿಗೆ, ತರಗತಿ, ಗುಂಡು ಸೇರಿ ಹೆಚ್ಚುಕಡಿಮೆ ಅಷ್ಟೇ ಮತ್ತೆ ಬೇಕು.

ಕೊಂಡ ಮೇಲೆ ಒಂದು ವಾರ ಗುಂಡಿಲ್ಲದ ಗನ್ನನ್ನು ಮನೆಯೊಳಗೇ ಕಟ್ಟಿಕೊಂಡು ಓಡಾಡಿ. ಬಗ್ಗಿ, ಕೂತು, ಪಾತ್ರೆ ತೊಳೆದು ನೋಡಿ. ಎಲ್ಲಿ ಒತ್ತುತ್ತದೆ, ಎಲ್ಲಿ ಕಾಣುತ್ತದೆ ಗೊತ್ತಾಗುತ್ತದೆ. ರೇಂಜ್‌ನಲ್ಲಿ ಕನಿಷ್ಠ 200 ಗುಂಡು ತೊಂದರೆಯಿಲ್ಲದೆ ಹೋದ ಮೇಲೆ, ಹೊರಗೆ ಇಟ್ಟುಕೊಳ್ಳುವ ಗುಂಡನ್ನೂ ಒಂದೆರಡು ಮ್ಯಾಗಝೀನ್ ಹಾರಿಸಿ ನೋಡಿದ ಮೇಲೆ ಹೊರಗೆ ಹೊರಡಿ. ನನ್ನ ಆ ಗುಲಾಬಿ ಗನ್ ಇನ್ನೂ ಪೆಟ್ಟಿಗೆಯಲ್ಲೇ ಇದೆ, ಮಾರಲು ಹೋದರೆ ಕೊಟ್ಟ ದುಡ್ಡಿನ ಅರ್ಧ ಕೊಡುತ್ತೇನೆ ಅಂದರು.