ಪಂಪ್‌ಗೆ ನಿಧಾನ, ಪುಡಿಗೆ ಜೋರು

ಮದುವೆ ಮನೆಯಲ್ಲಿ ದೊಡ್ಡಮ್ಮನಿಗೆ ಉಬ್ಬಸ ಬಂತು. ಉಬ್ಬಸದ ಪಂಪ್ (ಇನ್‌ಹೇಲರ್) ಬಾಯಿಗಿಟ್ಟು ಒತ್ತಿದರು. ತುಟಿಯ ಸಂದಿಯಿಂದ ಬಿಳಿ ಹೊಗೆ ಮೇಲೆದ್ದು ಕನ್ನಡಕ ಮಸುಕಾಯಿತು. ಒಳಗೆ ಹೋದದ್ದು ಅಷ್ಟಕ್ಕಷ್ಟೇ. "ಇದು ನನಗೆ ಹಿಡಿಸಲ್ಲ ಕಣೇ" ಅಂದರು. ಪಂಪ್ ಚೆನ್ನಾಗಿಯೇ ಇತ್ತು. ಎಳೆಯುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

1. ಕೈಯಲ್ಲಿರುವುದು ಯಾವುದು ನೋಡಿ. ಒತ್ತಿದರೆ ಚಿಮ್ಮುವ ಡಬ್ಬಿ ಇದ್ದರೆ ಪಂಪ್. ಕ್ಯಾಪ್ಸೂಲ್ ಹಾಕಿ ಎಳೆಯುವುದಾದರೆ ಪುಡಿಯ ಇನ್‌ಹೇಲರ್. ಪಂಪ್‌ನಲ್ಲಿ ಔಷಧವನ್ನು ಗ್ಯಾಸ್ ತಳ್ಳುತ್ತದೆ. ಪುಡಿಯನ್ನು ನಿಮ್ಮ ಉಸಿರೇ ಎಳೆದುಕೊಳ್ಳಬೇಕು. ಎರಡಕ್ಕೂ ಒಂದೇ ಥರ ಉಸಿರೆಳೆದರೆ ಕೆಲಸ ಕೆಟ್ಟಂತೆ.

2. ಪಂಪ್ ಆದರೆ ಮುಚ್ಚಳ ತೆಗೆದು ಚೆನ್ನಾಗಿ ಅಲ್ಲಾಡಿಸಿ. ನೆಟ್ಟಗೆ ಕೂತು ಉಸಿರು ಹೊರಗೆ ಬಿಡಿ.

3. ಎಡವುವುದು ಇಲ್ಲೇ. ತುಟಿ ಬಿಗಿಯಾಗಿ ಮುಚ್ಚಿ. ಮೊದಲು ಉಸಿರೆಳೆಯಲು ಶುರು ಮಾಡಿ, ಆ ಕ್ಷಣಕ್ಕೇ ಒಂದು ಸಲ ಒತ್ತಿ. ಗಂಟಲಿಗೆ ತಣ್ಣಗೆ ಬಡಿಯುತ್ತದೆ. ಬೆಚ್ಚಿ ಅಲ್ಲಿಗೇ ಉಸಿರು ನಿಲ್ಲಿಸುವವರು ಜಾಸ್ತಿ. ನಿಲ್ಲಿಸಬೇಡಿ. ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಾ ನಿಧಾನವಾಗಿ ಎಳೆಯಿರಿ. ಗಬಕ್ಕನೆ ಎಳೆದರೆ ಔಷಧ ಗಂಟಲಿಗೇ ಅಂಟಿಕೊಳ್ಳುತ್ತದೆ. ಆಮೇಲೆ 10 ಸೆಕೆಂಡ್ ಉಸಿರು ಹಿಡಿಯಿರಿ. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ. ಹೊತ್ತು ಉಳಿಸಲು ಎರಡನ್ನೂ ಒಟ್ಟಿಗೆ ಒತ್ತಬೇಡಿ.

ಈ ತಾಳಮೇಳವೇ ಕಷ್ಟ ಅಲ್ವಾ? ಅದಕ್ಕೇ ಸ್ಪೇಸರ್ ಕೊಳ್ಳಿ, ಪಂಪ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ಅದು. ವಯಸ್ಸಾದವರಿಗೂ ಮಕ್ಕಳಿಗೂ ಬೇಕೇ ಬೇಕು, ತೀರಾ ಚಿಕ್ಕವರಿಗೆ ಮಾಸ್ಕ್ ಸಮೇತ. ಉಸಿರಿಗೆ ತಕ್ಕಂತೆ ವಾಲ್ವ್ ಅಲುಗಾಡದ ಸ್ಪೇಸರ್ ಅಗ್ಗಕ್ಕೆ ಸಿಕ್ಕರೂ ಬೇಡ. ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ, ಬಟ್ಟೆಯಿಂದ ಉಜ್ಜಬೇಡಿ. ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟುವ ಹಾಗೆ, ಉಜ್ಜಿದ ಪ್ಲಾಸ್ಟಿಕ್‌ಗೆ ಔಷಧ ಅಂಟುತ್ತದೆ.

4. ಪುಡಿಯದಾದರೆ ಉಸಿರನ್ನು ಪಕ್ಕಕ್ಕೆ ತಿರುಗಿ ಬಿಡಿ. ಇನ್‌ಹೇಲರ್ ಒಳಗೆ ಊದಿದರೆ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಮೊದಲಿನಿಂದಲೇ ಜೋರಾಗಿ, ಆಳವಾಗಿ ಎಳೆಯಿರಿ. ಬಿಚ್ಚಿ ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಆ ಕ್ಯಾಪ್ಸೂಲ್ ನುಂಗುವುದಕ್ಕಲ್ಲ, ನುಂಗುವವರನ್ನೂ ಕಂಡಿದ್ದೇನೆ. ಉಬ್ಬಸ ಜೋರಾದಾಗ ಇಷ್ಟು ಬಿರುಸಾಗಿ ಎಳೆಯಲು ಆಗದೇ ಹೋಗಬಹುದು. ಆ ಹೊತ್ತಿಗೆ ಯಾವ ಪಂಪ್ ಬೇಕೆಂದು ಡಾಕ್ಟರನ್ನು ಮೊದಲೇ ಕೇಳಿ, ಸ್ಪೇಸರ್ ಜೊತೆ ಮನೆಯಲ್ಲಿಡಿ.

ಔಷಧವನ್ನು ಮಂಜಿನಂತೆ ಮಾಡಿ ಕೊಡುವ ಯಂತ್ರ, ನೆಬ್ಯುಲೈಸರ್‌ನಲ್ಲಿ ಪವರ್ ಜಾಸ್ತಿ ಅನ್ನುವ ನಂಬಿಕೆ ಇದೆ. ಸಾಧಾರಣ ಉಬ್ಬಸಕ್ಕೆ ಪಂಪ್, ಸ್ಪೇಸರ್ ಅಷ್ಟೇ ಕೆಲಸ ಮಾಡುತ್ತವೆ, ಕರೆಂಟೂ ಬೇಡ.

5. ಸ್ಟೆರಾಯ್ಡ್ ಇರುವ ಔಷಧವಾದರೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಫಂಗಸ್ ಬರಬಹುದು.

6. ಡಬ್ಬಿಯನ್ನು ನೀರಲ್ಲಿ ತೇಲಿಬಿಟ್ಟು ಔಷಧ ಎಷ್ಟಿದೆ ಎಂದು ನೋಡುವುದನ್ನು ಬಿಟ್ಟುಬಿಡಿ. ಬರೀ ಗ್ಯಾಸ್ ಉಳಿದಾಗಲೂ ಪಂಪ್ ಚುಯ್ ಅನ್ನುತ್ತದೆ. ಪಂಪ್ ಹಿಂಭಾಗದಲ್ಲಿ ಉಳಿದ ಪಫ್ ತೋರಿಸುವ ಕೌಂಟರ್ ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ಶುರು ಮಾಡಿದ ತಾರೀಖನ್ನು ಪಂಪ್ ಮೇಲೆ ಬರೆದು, ದಿನದ ಪಫ್ ಲೆಕ್ಕ ಹಾಕಿ.