ಮೊದಲು ಊಹೆ ಹೇಳಿ, ಆಮೇಲೆ ಸ್ವಿಚ್ ಹಾಕೋಣ

ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಹೈಸ್ಕೂಲು ನಮ್ಮದು. ನಾನು ಒಂಬತ್ತು ಮತ್ತು ಹತ್ತನೇ ಕ್ಲಾಸಿಗೆ ವಿಜ್ಞಾನ ಕಲಿಸುತ್ತೇನೆ. ಈ ವರ್ಷ ಹತ್ತರಲ್ಲಿ 46 ಮಕ್ಕಳಿದ್ದಾರೆ. ಶಾಲೆಗೆ ಪ್ರೊಜೆಕ್ಟರ್ ಬಂದಾಗ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವಳು ನಾನೇ. ದಿನಾ ಒಂದು ವಿಡಿಯೊ ಹಾಕುತ್ತಿದ್ದೆ. ಹೃದಯ ಬಡಿಯುವುದು, ಹೂವು ಕಾಯಾಗುವುದು, ಕನ್ನಡಿಯಲ್ಲಿ ಬೆಳಕು ತಿರುಗುವುದು. ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು, ಕ್ಲಾಸಿನಲ್ಲಿ ಒಂದು ಸದ್ದಿಲ್ಲ. ಮರುದಿನ ಅದೇ ಪಾಠದ ಮೇಲೆ ಒಂದು ಪ್ರಶ್ನೆ ಕೇಳಿದರೆ ಏಳುತ್ತಿದ್ದದ್ದು ಅದೇ ನಾಲ್ಕು ಕೈ. ನಾಲ್ಕೂ ಹುಡುಗರದ್ದೇ. ಉಳಿದವರ ತಲೆಯಲ್ಲಿ ಏನಿದೆ ಅಂತ ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಅವರು 1990ರ ದಶಕದಲ್ಲಿ ಶುರು ಮಾಡಿದ ಒಂದು ಪದ್ಧತಿಯ ಬಗ್ಗೆ ಆಗ ಓದಿದೆ. ಪ್ರಶ್ನೆ ಕೇಳಬೇಕು. ಪ್ರತಿಯೊಬ್ಬರೂ ತಮ್ಮ ಉತ್ತರ ತೋರಿಸಬೇಕು. ಸರಿ ಯಾವುದು ಅಂತ ಹೇಳಬಾರದು. ಪಕ್ಕದವರ ಜೊತೆ ವಾದ ಮಾಡಲು ಬಿಟ್ಟು ಇನ್ನೊಮ್ಮೆ ಕೇಳಬೇಕು. ನೂರಕ್ಕೆ 30ಕ್ಕಿಂತ ಕಡಿಮೆ ಜನ ಸರಿ ಹೇಳಿದರೆ ಪಾಠವನ್ನೇ ಮತ್ತೆ ಮಾಡಬೇಕು, 70 ದಾಟಿದರೆ ಮುಂದೆ ಹೋಗಬಹುದು, ನಡುವೆ ಇದ್ದರೆ ಚರ್ಚೆಗೆ ಬಿಡಬೇಕು. ಅಷ್ಟೇ ಲೆಕ್ಕ. ನನಗೆ ಇದರಲ್ಲಿ ಹಿಡಿಸಿದ್ದು, ನೋಡುವ ಮೊದಲೇ ಮಗು ಒಂದು ಉತ್ತರಕ್ಕೆ ಕಟ್ಟುಬೀಳುತ್ತದೆ ಅನ್ನುವುದು. ಒಮ್ಮೆ ಊಹೆ ಹೇಳಿಬಿಟ್ಟರೆ ಏನಾಗುತ್ತದೆ ಅಂತ ನೋಡಲೇಬೇಕು ಅನಿಸುತ್ತದೆ, ಅಲ್ವಾ?

ಎಲ್ಲರ ಉತ್ತರ ಒಟ್ಟಿಗೆ ಪಡೆಯಲು ನಾನು ಪ್ಲಿಕರ್ಸ್ ಕಾರ್ಡು ಬಳಸುತ್ತೇನೆ. ಮಕ್ಕಳ ಹತ್ತಿರ ಮೊಬೈಲ್ ಬೇಕಿಲ್ಲ, ನನ್ನದೊಂದು ಸಾಕು, ಅದರ ಕ್ಯಾಮೆರಾ ಎಲ್ಲರ ಕಾರ್ಡನ್ನೂ ಓದಿಕೊಳ್ಳುತ್ತದೆ. ಪ್ರತಿ ಕಾರ್ಡಿನ ಮೇಲೂ ಬೇರೆ ಬೇರೆ ಕಪ್ಪು ಚಿತ್ರ ಇರುತ್ತದೆ. ಯಾವ ಅಂಚು ಮೇಲೆ ಬರುವಂತೆ ಹಿಡಿದರು ಅನ್ನುವುದರ ಮೇಲೆ ಎ, ಬಿ, ಸಿ, ಡಿ. ಒಬ್ಬೊಬ್ಬರ ಚಿತ್ರವೂ ಬೇರೆ ಆಗಿರುವುದರಿಂದ ಪಕ್ಕದವರದ್ದು ನೋಡಿ ಹಿಡಿದರೆ ಉಪಯೋಗವಿಲ್ಲ. ಮಾಮೂಲಿ ಸೆಟ್ಟಿನಲ್ಲಿ 40 ಕಾರ್ಡು ಬರುತ್ತವೆ. ನಮಗೆ ಸಾಲದು ಅಂತ 63 ಇರುವ ದೊಡ್ಡ ಸೆಟ್ಟನ್ನೇ ಪ್ರಿಂಟ್ ಹಾಕಿಸಿದೆ. ಮೊದಲ ಸಲ ಲ್ಯಾಮಿನೇಷನ್ ಮಾಡಿಸಿ ತಪ್ಪು ಮಾಡಿದೆ. ಕಿಟಕಿಯ ಬಿಸಿಲು ಬಿದ್ದು ಹೊಳೆಯಿತು, ಕಿಟಕಿ ಸಾಲಿನ ಒಂದು ಕಾರ್ಡನ್ನೂ ಮೊಬೈಲ್ ಓದಲಿಲ್ಲ. ಎರಡನೇ ಸಲ ಸಾದಾ ಕಾಗದದ ಮೇಲೆ ತೆಗೆಸಿ, ಮಕ್ಕಳು ಮನೆಯಿಂದ ತಂದ ಹಳೇ ಲಗ್ನಪತ್ರಿಕೆಗಳ ಹಿಂದೆ ಅಂಟಿಸಿದೆವು. ಅವೇ ಈಗಲೂ ನಡೆಯುತ್ತಿವೆ. ನೆಟ್ ಕೈಕೊಟ್ಟ ದಿನ ಎಲ್ಲರೂ ಕಣ್ಣು ಮುಚ್ಚಿ ಎದೆಯ ಹತ್ತಿರ ಬೆರಳು ತೋರಿಸುತ್ತಾರೆ. ಒಂದು ಬೆರಳು ಎ, ಎರಡು ಬೆರಳು ಬಿ. ಅದರಲ್ಲೂ ಕೆಲಸ ಆಗುತ್ತದೆ.

ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಪಾಠದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎರಡು ಸೆಲ್ಲು, ಎರಡು ಟಾರ್ಚ್ ಬಲ್ಬು, ಸಾಲಾಗಿ ಒಂದರ ಹಿಂದೆ ಒಂದು ಜೋಡಿಸಿ ಮೇಜಿನ ಮೇಲೆ ಇಟ್ಟೆ. ಸ್ವಿಚ್ ಹಾಕಲಿಲ್ಲ. ಬಲ್ಬು ಎರಡೂ ಒಂದೇ ನಮೂನೆಯವು, ಯಾವುದು ಜಾಸ್ತಿ ಉರಿಯುತ್ತದೆ ಅಂತ ಕೇಳಿದೆ. ಮೊದಲನೆಯದು ಅಂದವರು 25. ಎರಡನೆಯದು ಅಂದವರು 4. ಎರಡೂ ಒಂದೇ ಥರ ಅಂದವರು 17. ಮೂರು ನಿಮಿಷ ಮಾತಾಡಿಕೊಳ್ಳಿ ಅಂದು ನಾನು ಬೆಂಚುಗಳ ನಡುವೆ ಓಡಾಡಿದೆ.

ಕೊನೇ ಬೆಂಚಿನ ಹುಡುಗ ಪಕ್ಕದವನಿಗೆ ಹೇಳುತ್ತಿದ್ದ: "ಕೆನಾಲ್ ನೋಡಲೇ. ಮೊದಲ ಇರೋ ಹೊಲಕ್ಕ ನೀರು ಜಾಸ್ತಿ. ಕೊನೆಗಿರೋ ನಮ್ಮ ಹೊಲಕ್ಕ ಬರೂದೇ ಇಲ್ಲ. ಕರೆಂಟೂ ಹಂಗೇ."

ನಾನು ಅಲ್ಲೇ ನಿಂತುಬಿಟ್ಟೆ. ನಾರಾಯಣಪುರ ಜಲಾಶಯದಿಂದ ಬರುವ ಇಂಡಿ ಶಾಖಾ ಕಾಲುವೆಯ ಕೊನೆಯ ಭಾಗ ನಮ್ಮ ಕಡೆ. ಕಾಲುವೆ ಕೊನೆಗೆ ನೀರು ತಲುಪುವುದಿಲ್ಲ ಅನ್ನುವುದನ್ನು ಈ ಮಕ್ಕಳು ಮನೆಯಲ್ಲಿ ಊಟದ ಜೊತೆ ಕೇಳಿ ಬೆಳೆದಿದ್ದಾರೆ. ಆ 25 ಮಕ್ಕಳು ಸುಮ್ನೆ ತಪ್ಪು ಹೇಳಿದ್ದಲ್ಲ, ತಾವು ಕಣ್ಣಾರೆ ಕಂಡದ್ದನ್ನೇ ಹೇಳಿದ್ದರು. ಇಷ್ಟು ವರ್ಷ ಇದೇ ಪಾಠ ಮಾಡಿದರೂ ನನಗೆ ಇದು ಗೊತ್ತಿರಲಿಲ್ಲ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಿರುಗಿ ಕೂತಳು. ಈ ಹುಡುಗಿ ಜೂನ್‌ನಿಂದ ಒಮ್ಮೆಯೂ ಕೈ ಎತ್ತಿದವಳಲ್ಲ. "ಕೆನಾಲ್ ನೀರು ಹೊಲ ಕುಡೀತದ. ಬಲ್ಬ್ ಕರೆಂಟ್ ಕುಡೀತದೇನು? ಕುಡಿದ್ರ ಈ ಕಡಿ ತಂತಿಯೊಳಗ ಹೊಳ್ಳಿ ಬರೂದು ಏನು? ಇದು ಕೆನಾಲ್ ಅಲ್ಲ, ಪೈಪ್‌ಲೈನ್. ನಡುವ ಸೋರ್ಲಿಲ್ಲಂದ್ರ ಎಲ್ಲಿ ನೋಡಿದ್ರೂ ನೀರು ಅಷ್ಟೇ ಇರ್ತದ."

ಎರಡನೇ ಸಲ ಕಾರ್ಡು ಎತ್ತಿಸಿದಾಗ ಒಂದೇ ಥರ ಅಂದವರು 33 ಆದರು. ನಾನಿನ್ನೂ ಒಂದು ಮಾತೂ ಹೇಳಿರಲಿಲ್ಲ.

ಸ್ವಿಚ್ ಹಾಕಿದರೆ ಮೊದಲನೇ ಬಲ್ಬು ಒಂದು ಕೂದಲಷ್ಟು ಜಾಸ್ತಿ ಉರಿಯಿತು! ಅಂಗಡಿಯಿಂದ ತಂದ ಬಲ್ಬು, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಹಿಂದಿನ ಬೆಂಚುಗಳಿಂದ ಕೂಗೋ ಕೂಗು. ನನ್ನ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಅದೇ ಹುಡುಗಿ "ಟೀಚರ್, ಅದಲು ಬದಲು ಮಾಡ್ರೀ" ಅಂದಳು. ಬಲ್ಬುಗಳ ಜಾಗ ಬದಲಿಸಿದೆ. ಮೊದಲು ಜಾಸ್ತಿ ಉರಿದ ಬಲ್ಬೇ ಎರಡನೇ ಜಾಗಕ್ಕೆ ಹೋದರೂ ಜಾಸ್ತಿ ಉರಿಯಿತು. ಜಾಗದ್ದಲ್ಲ, ಬಲ್ಬಿನದೇ ವ್ಯತ್ಯಾಸ ಅಂತ ಎಲ್ಲರಿಗೂ ಗೊತ್ತಾಯಿತು. ಆಮೇಲೆ ಕರೆಂಟು ಅಳೆಯುವ ಆಮ್ಮೀಟರನ್ನು ಮೊದಲನೇ ಬಲ್ಬಿನ ಮುಂಚೆ, ಎರಡರ ನಡುವೆ, ಎರಡೂ ಆದ ಮೇಲೆ ಇಟ್ಟು ನೋಡಿದೆವು. ಮೂರೂ ಕಡೆ ಮುಳ್ಳು ಒಂದೇ ಗೆರೆ ಮೇಲೆ ನಿಂತಿತು. ಪ್ರೊಜೆಕ್ಟರ್ ಆನ್ ಮಾಡಿದ್ದು ಇದೆಲ್ಲ ಆದ ಮೇಲೆ. ಫೆಟ್ ಅಂತ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರದ್ದು ಇದೆ, ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯ ಮೇಲೇ ಮಾಡಿ ನೋಡುವ ಸಿಮ್ಯುಲೇಶನ್‌ಗಳು, ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಕೆಲವು ಕನ್ನಡದಲ್ಲೂ ಇವೆ. ಅದರಲ್ಲಿ ಅದೇ ಸರ್ಕೀಟು ಕಟ್ಟಿದರೆ ಎಲೆಕ್ಟ್ರಾನುಗಳು ತಂತಿಯಲ್ಲಿ ಎಲ್ಲ ಕಡೆ ಒಂದೇ ವೇಗದಲ್ಲಿ ಹೋಗುವುದು ಕಾಣುತ್ತದೆ. ಇದನ್ನೇ ಮೊದಲು ತೋರಿಸಿದ್ದರೆ ಮಕ್ಕಳು ವಿಡಿಯೊ ನೋಡಿದ ಹಾಗೆ ನೋಡಿ ಮರೆಯುತ್ತಿದ್ದರು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಒಂಬತ್ತನೇ ಕ್ಲಾಸಿನ ಶಬ್ದದ ಪಾಠಕ್ಕೆ ಫೈಫಾಕ್ಸ್ ಅನ್ನುವ ಆ್ಯಪ್ ಹಾಕಿಕೊಂಡೆ. ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಇದೂ ಉಚಿತ. ಸದ್ದು ಕೇಳಿದರೆ ಓಡಲು ಶುರುವಾಗಿ ಇನ್ನೊಂದು ಸದ್ದಿಗೆ ನಿಲ್ಲುವ ಸ್ಟಾಪ್‌ವಾಚ್ ಅದರಲ್ಲಿದೆ. ವರಾಂಡದಲ್ಲಿ ಟೇಪು ಹಿಡಿದು 5 ಮೀಟರ್ ಅಳೆದು ಎರಡು ತುದಿಗೆ ಎರಡು ಮೊಬೈಲ್ ಇಟ್ಟೆವು. ಈ ತುದಿಯವರು ಒಂದು ಚಪ್ಪಾಳೆ ಹೊಡೆದರೆ ಎರಡೂ ಶುರು, ಆ ತುದಿಯವರು ಹೊಡೆದರೆ ಎರಡೂ ನಿಲ್ಲುತ್ತವೆ. ಎರಡು ಮೊಬೈಲ್ ತೋರಿಸುವ ಸಮಯದಲ್ಲಿ ಚೂರು ವ್ಯತ್ಯಾಸ ಬರುತ್ತದೆ. ಸದ್ದು ಹೋಗಿ ಬರುವ 10 ಮೀಟರಿಗೆ ಹಿಡಿದ ಸಮಯ ಅದು. ಹತ್ತು ಸಲ ಮಾಡಿ ಸರಾಸರಿ ತೆಗೆದಾಗ ಸೆಕೆಂಡಿಗೆ 351 ಮೀಟರ್ ಬಂತು. ಪುಸ್ತಕದಲ್ಲಿ 344 ಇದೆ. "ನಮ್ಮದು ತಪ್ಪಾತ್ರೀ" ಅಂತ ಮುಖ ಸಣ್ಣ ಮಾಡಿಕೊಂಡರು. ಪುಸ್ತಕದ್ದು 22 ಡಿಗ್ರಿಗೆ, ಅವತ್ತು ವರಾಂಡದಲ್ಲಿ 36 ಇತ್ತು. ಒಂದು ಡಿಗ್ರಿ ಏರಿದರೆ ಸದ್ದಿನ ವೇಗ ಸುಮಾರು 0.6 ಮೀಟರ್ ಏರುತ್ತದೆ ಅಂತ ಹೇಳಿ ಲೆಕ್ಕ ಹಾಕಿಸಿದೆ. 352 ಬಂತು. ಆ ಮುಖಗಳನ್ನು ನೀವು ನೋಡಬೇಕಿತ್ತು.

ಹೀಗೆ ಮಾಡಿದರೆ ಪೋರ್ಷನ್ ಮುಗಿಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. 40 ನಿಮಿಷದ ಪೀರಿಯಡ್ಡಿನಲ್ಲಿ ನಾನು ಇಂಥ ಪ್ರಶ್ನೆ ಒಂದೇ ಇಡುವುದು, ಹದಿನೈದು ನಿಮಿಷಕ್ಕಿಂತ ಜಾಸ್ತಿ ಬಿಡುವುದಿಲ್ಲ. ಸೂತ್ರ, ಲೆಕ್ಕ, ಚಿತ್ರ ಎಲ್ಲ ಇವತ್ತಿಗೂ ಸುಣ್ಣದ ಕಡ್ಡಿಯಲ್ಲೇ. ಒಳ್ಳೆಯ ಪ್ರಶ್ನೆ ಹುಡುಕುವುದೇ ಕಷ್ಟದ ಕೆಲಸ, ರಾತ್ರಿ ನನ್ನ ಒಂದು ಗಂಟೆ ಅದಕ್ಕೇ ಹೋಗುತ್ತದೆ.

ಬಲ್ಬಿನ ಪಾಠ ಆಗಿ ನಾಲ್ಕು ದಿನಕ್ಕೆ ಆ ಕೆನಾಲಿನ ಹುಡುಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. "ಟೀಚರ್, ಬಲ್ಬ್ ಕರೆಂಟ್ ಕುಡಿಯಂಗಿಲ್ಲ, ಒಪ್ಪಿದೆ. ಮತ್ತ ಲೈನಿನ ಕೊನೆಗಿರೋ ನಮ್ಮ ಮನ್ಯಾಗ ಬಲ್ಬ್ ಯಾಕ್ರೀ ಮಂದ ಉರೀತದ?"

ಎಂಥ ಪ್ರಶ್ನೆ! ನಾಳೆ ಎಲ್ಲರೂ ಸೇರಿ ನೋಡೋಣ ಅಂದೆ. ರಾತ್ರಿ ಫೆಟ್‌ನಲ್ಲಿ ಉದ್ದ ತಂತಿಗೆ ನಾಲ್ಕು ಬಲ್ಬು ಸಮಾಂತರವಾಗಿ ಜೋಡಿಸಿ ಇಟ್ಟೆ. ತಂತಿಯ ರೋಧ, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ, ಏರಿಸಲು ಅದರಲ್ಲಿ ಒಂದು ಗುಂಡಿ ಇದೆ. ಬೆಳಗ್ಗೆ ಮತ್ತೆ ಕಾರ್ಡು ಎತ್ತಿಸಿ, ಗುಂಡಿಯನ್ನು ಅವನ ಕೈಯಲ್ಲೇ ಸರಿಸಲು ಕೊಟ್ಟೆ. ರೋಧ ಏರಿದ ಹಾಗೆ ನಾಲ್ಕನೇ ಬಲ್ಬು ಎಲ್ಲಕ್ಕಿಂತ ಮಂದ ಆಯಿತು. ಕರೆಂಟು ನಡುವೆ ಎಲ್ಲೂ ಕಳೆದುಹೋಗಿಲ್ಲ, ದಾರಿಯುದ್ದಕ್ಕೂ ತಂತಿಯಲ್ಲಿ ವೋಲ್ಟೇಜ್ ಇಳಿಯುತ್ತಾ ಬಂದಿದೆ ಅಂತ ಕ್ಲಾಸೇ ಸೇರಿ ಹೇಳಿತು. ಅವನು ಜೇಬಿನಿಂದ ಮಡಚಿದ ಚೀಟಿ ತೆಗೆದ. ಊರ ಟಿಸಿಯಿಂದ (ಕರೆಂಟಿನ ಟ್ರಾನ್ಸ್‌ಫಾರ್ಮರ್) ತಮ್ಮ ಮನೆಯವರೆಗೆ ಬೆಳಗ್ಗೆ ನಡೆದು ಕಂಬ ಎಣಿಸಿಕೊಂಡು ಬಂದಿದ್ದ. 14 ಕಂಬ.