ಬೆಳಿಗ್ಗೆ ಫತೇಹ್ ಸಾಗರ, ಮಧ್ಯಾಹ್ನದ ಮೇಲೆ ಸಜ್ಜನಗಢ

ರಾಜಸ್ಥಾನದ ಉದಯಪುರಕ್ಕೆ ಹೋದವರು ಸಾಮಾನ್ಯವಾಗಿ ಸಿಟಿ ಪ್ಯಾಲೇಸ್‌ನಲ್ಲೇ ದಿನ ಕಳೆದು, ಸಂಜೆಯ ಹೊತ್ತಿಗೆ ದಡಬಡಿಸಿ, ನೆತ್ತಿಯಲ್ಲಿ ಹಳೆಯ ಅರಮನೆಯಿರುವ ಸಜ್ಜನಗಢದ ಬೆಟ್ಟ ಹತ್ತುತ್ತಾರೆ. ಮೇಲೆ ಮುಟ್ಟುವಷ್ಟರಲ್ಲಿ ಸೂರ್ಯ ಮುಳುಗಲು ಅಣಿಯಾಗಿರುತ್ತಾನೆ. ಎಲ್ಲರ ಮೊಬೈಲೂ ಪಶ್ಚಿಮಕ್ಕೆ ತಿರುಗಿರುತ್ತದೆ, ಬೆನ್ನ ಹಿಂದಿನ ಕೆರೆಗಳನ್ನು ಕೇಳುವವರಿಲ್ಲ. ನನ್ನ ಸಲಹೆ ಇಷ್ಟೇ: ಸಿಟಿ ಪ್ಯಾಲೇಸನ್ನು ಇನ್ನೊಂದು ದಿನಕ್ಕೆ ಬಿಟ್ಟು, ಈ ಬೆಟ್ಟಕ್ಕೂ ಫತೇಹ್ ಸಾಗರಕ್ಕೂ ಒಂದು ಪೂರ್ತಿ ದಿನ ಎತ್ತಿಡಿ. ಬೆಳಿಗ್ಗೆ ಕೆರೆ, ಮಧ್ಯಾಹ್ನದ ಮೇಲೆ ಬೆಟ್ಟ. ಊರು, ಕೆರೆ ಎರಡೂ ಬೆಟ್ಟದ ಪೂರ್ವಕ್ಕಿವೆ. ಬೆಳಿಗ್ಗೆ ಮೇಲಿನಿಂದ ನೋಡಿದರೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ನೀರು ಹೊಸ ತಗಡಿನಂತೆ ಮಿರುಗುವುದು ಬಿಟ್ಟರೆ ಏನೂ ಕಾಣುವುದಿಲ್ಲ. ಮೂರು ಗಂಟೆಯ ಮೇಲೆ ಬಿಸಿಲು ನಿಮ್ಮ ಬೆನ್ನಿಗಿರುತ್ತದೆ. ಆಗ ಫತೇಹ್ ಸಾಗರ, ಆಚೆಗೆ ಪಿಚೋಲಾ ಕೆರೆ, ನಡುವೆ ಬಿಳಿ ಮನೆಗಳ ಊರು ಎಲ್ಲವೂ ಬಿಡಿಬಿಡಿಯಾಗಿ ತೋರುತ್ತವೆ.

ಕರ್ನಾಟಕದಿಂದ ಹೋಗುವವರಿಗೆ ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿಗಳ ಮೇಲೆ ವಾರಕ್ಕೊಮ್ಮೆ ಉದಯಪುರಕ್ಕೆ ಹಮ್‌ಸಫರ್ ರೈಲಿದೆ. ಆತುರವಿದ್ದವರಿಗೆ ವಿಮಾನ.

ಕೆರೆಯ ಏರಿಯನ್ನು ಅಲ್ಲಿಯವರು ‘ಪಾಳ್’ ಎನ್ನುತ್ತಾರೆ. ಆಟೊದವನಿಗೆ ‘ಫತೇಹ್ ಸಾಗರ್ ಕೀ ಪಾಳ್’ ಎಂದರೆ ಸಾಕು. 17ನೇ ಶತಮಾನದ ಈ ಕೆರೆಗೆ ಈಗಿರುವ ಭದ್ರ ಏರಿ ಕಟ್ಟಿಸಿದವರು ಉದಯಪುರದ ಸೀಮೆಯಾದ ಮೇವಾಡದ ದೊರೆ ಮಹಾರಾಣಾ ಫತೇಹ್ ಸಿಂಗ್, 1889ರ ಸುಮಾರಿಗೆ. ಹೆಸರೂ ಅವರದೇ. ಬಿಸಿಲೇರುವ ಮೊದಲು ಏರಿಯ ಮೇಲೆ ಒಂದು ಸುತ್ತು ನಡೆಯಿರಿ. ಮಣ್ಣಿನ ಕುಲ್ಹಡ್‌ನಲ್ಲಿ ಕೊಡುವ ಕಾಫಿಗೆ ಇಲ್ಲಿ ದೊಡ್ಡ ಹೆಸರು. ನೊರೆ ಚೆನ್ನಾಗಿರುತ್ತದೆ, ಫಿಲ್ಟರ್ ಕಾಫಿಯ ನಾಲಿಗೆಯವರು ಅದನ್ನು ಬೇರೆಯೇ ಪಾನೀಯವೆಂದು ತಿಳಿದು ಕುಡಿದರೆ ಜಗಳವಿಲ್ಲ.

ಮೋತಿ ಮಗ್ರಿ ಗುಡ್ಡದ ಬುಡದಿಂದ ದೋಣಿಯಲ್ಲಿ ನೆಹರೂ ಪಾರ್ಕಿಗೆ ಹೋಗಬೇಕು. ಕೆರೆಯ ನಡುಗಡ್ಡೆಯ ಮೇಲಿನ ಈ ಉದ್ಯಾನ 1967ರ ನವೆಂಬರ್ 14ರಂದು, ನೆಹರೂ ಅವರ ಹುಟ್ಟುಹಬ್ಬದ ದಿನ, ತೆರೆಯಿತು. ಹೂವಿನ ಮಡಿಗಳಿಗಿಂತ ದೋಣಿಯ ದಾರಿಯೇ ನನಗೆ ಹೆಚ್ಚು ಇಷ್ಟ. ದಾರಿಯಲ್ಲಿ ಇನ್ನೊಂದು ದ್ವೀಪದ ಮೇಲೆ ಗುಮ್ಮಟದ ಕಟ್ಟಡ ಕಂಡರೆ ಅದು ಸೌರ ವೀಕ್ಷಣಾಲಯ. ನೆಲ ಕಾದರೆ ಅದರ ಮೇಲಿನ ಗಾಳಿ ಕದಡುತ್ತದೆ, ದೂರದರ್ಶಕದಲ್ಲಿ ಸೂರ್ಯನ ಬಿಂಬ ನಡುಗುತ್ತದೆ. ಸುತ್ತ ನೀರಿದ್ದರೆ ಆ ಕಾಟ ಕಡಿಮೆ. ಅದಕ್ಕೇ ಕೆರೆಯ ಮಧ್ಯೆ ಕಟ್ಟಿದ್ದಾರೆ. ಪ್ರವಾಸಿ ದೋಣಿ ಅಲ್ಲಿ ನಿಲ್ಲುವುದಿಲ್ಲ.

ಊಟ, ಸ್ವಲ್ಪ ವಿಶ್ರಾಂತಿ ಮುಗಿಸಿ ಎರಡೂವರೆಗೆ ಬೆಟ್ಟಕ್ಕೆ ಹೊರಡಿ. ಸಜ್ಜನಗಢ ಅಭಯಾರಣ್ಯದ ಒಳಗಿರುವುದರಿಂದ ಟಿಕೆಟ್ಟನ್ನು ಕೆಳಗಿನ ಗೇಟಿನಲ್ಲೇ ಕೊಳ್ಳಬೇಕು. ಆಟೊ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಹಂಚಿಕೊಂಡು ಹೋಗುವ ಜೀಪು, ವ್ಯಾನುಗಳಿವೆ. ತಿರುವುಗಳು ಕಡಿದಾಗಿವೆ, ವಾಂತಿಯ ತೊಂದರೆ ಇರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ನಮ್ಮ ಅತ್ತೆಯವರಿಗೆ ಮೊಣಕಾಲು ನೋವು. ಅವರು ಮೆಟ್ಟಿಲುಗಳ ತಂಟೆಗೆ ಹೋಗದೆ ಅಂಗಳದ ಕಟ್ಟೆಯ ಮೇಲೆ ಕುಳಿತೇ ಅರ್ಧ ಮೇವಾಡವನ್ನು ನೋಡಿದರು. ಕಪ್ಪು ಮುಖದ ಮುಸಿಯಗಳಿಗೆ ಕೈಚೀಲದ ಮೇಲೆ ಕಣ್ಣು, ತಿಂಡಿ ಒಯ್ಯಬೇಡಿ.

ಒಳಗೆ ಸಿಟಿ ಪ್ಯಾಲೇಸ್‌ನ ಕನ್ನಡಿ ಕೆಲಸ, ಸಿಂಹಾಸನಗಳನ್ನು ಹುಡುಕಿದರೆ ನಿರಾಸೆ. ಮಹಾರಾಣಾ ಸಜ್ಜನ್ ಸಿಂಗ್ ಇಲ್ಲಿ ಒಂಬತ್ತು ಅಂತಸ್ತಿನ ಖಗೋಳ ಕೇಂದ್ರ ಕಟ್ಟಿಸಿ, ಮುಂಗಾರಿನ ಮೋಡಗಳನ್ನು ಗಮನಿಸಬೇಕೆಂದಿದ್ದರು. 1884ರಲ್ಲಿ, 25ರ ವಯಸ್ಸಿಗೇ, ತೀರಿಕೊಂಡರು. ಮುಂದೆ ಬಂದ ಫತೇಹ್ ಸಿಂಗ್ ಯೋಜನೆಯನ್ನು ಮೊಟಕುಗೊಳಿಸಿ ಕಟ್ಟಡವನ್ನು ಮುಗಿಸಿದರು. ಸಮುದ್ರಮಟ್ಟದಿಂದ 944 ಮೀಟರ್ ಎತ್ತರದ ಈ ನೆತ್ತಿಗೆ ನೀರು ಏರಿಸುವುದೇ ಕಷ್ಟ. ಮಳೆನೀರನ್ನು ಹಿಡಿದು ನೆಲದಡಿಯ ತೊಟ್ಟಿಯಲ್ಲಿ ಕೂಡಿಡುವ ಏರ್ಪಾಡು ಇದ್ದರೂ ಸಾಲದೆ ಅರಮನೆಯಲ್ಲಿ ವಾಸ ನಿಂತಿತು. ಕೆಳಗೆ ಅಷ್ಟೊಂದು ನೀರು ಕಾಣುತ್ತಿರುವಾಗ ಮೇಲೆ ಬಾಯಾರಿದ ಅರಮನೆ! ಅಮೃತಶಿಲೆಯ ಕಂಬಗಳ ಕೆತ್ತನೆಯನ್ನು ನಿಧಾನವಾಗಿ ನೋಡಿ, ಆಮೇಲೆ ಜರೋಖಾಗಳ, ಅಂದರೆ ಹೊರಚಾಚಿದ ಕಿಟಕಿಗಳ, ಬಳಿ ನಿಂತುಬಿಡಿ. ಈ ಕಟ್ಟಡವನ್ನು ಕಟ್ಟಿದ್ದೇ ಹೊರಗೆ ನೋಡಲು.

ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಮಂಜು ಕವಿದು ನೋಟ ಕೆಟ್ಟರೂ ಅರಮನೆಯನ್ನು ಕಟ್ಟಿದ ಉದ್ದೇಶಕ್ಕೆ ಅದೇ ತಕ್ಕ ಹವೆ. ಸ್ವಚ್ಛ ನೋಟವೇ ಬೇಕೆಂದರೆ ಮಳೆ ಮುಗಿದ ಅಕ್ಟೋಬರ್. ಏಪ್ರಿಲ್, ಮೇ ಬೇಡವೇ ಬೇಡ.

ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಜೀಪಿನತ್ತ ಓಡುತ್ತಾರೆ. ಹಿರಿಯರಿದ್ದರೆ ಕಾಲು ಗಂಟೆ ಮೊದಲೇ ಇಳಿಯಿರಿ. ಆಟೊದವನಿಗೆ ಗೇಟಿನಲ್ಲಿ ಕಾಯಲು ಹೇಳಿ, ಹೋಗಿಬರುವ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ.